ಬಿದ್ದು ಎದ್ದವನ ಗತಿ

ಮೋಟಾರ ಸೈಕಲ್ಲಿನ ಮೇಲಿಂದ ಬಿದ್ದು ಸತ್ತವನಿಗಾಗಿ ಊರು ಅಳುತ್ತದೆ. ಬಿದ್ದು ಬದುಕಿ ಬಂದವನನ್ನು ನೋಡಿ ಅದೇ ಊರು ನಗುತ್ತದೆ. ಈ ಮಾತು ಕಠೋರವೆಂದು ತೋರುವವರು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ಊರುಗಳೊಳಗೆ ಯಾವದಾದರೊಂದರ ಬಸ್ಸು ನಿಲ್ದಾಣದ ಎದುರಿಗೆ, ಚಹದ ಅಂಗಡಿಯ ಬಾಕಿನ ಮೇಲೆ, ಅರ್ಧ ತಾಸು ಕುಳಿತು ನೋಡಬೇಕು. ಕಾಲಿನ ಎಲುಬು ಮುರಿದು, ಉಕ್ಕಿನ ಪಟ್ಟಿ ಹಾಕಿಸಿಕೊಂಡು, ಆರು ತಿಂಗಳು ಹಾಸಿಗೆಯನ್ನೂ ಊರುಗೋಲನ್ನೂ ಅನುಭವಿಸಿ, ಮರಳಿ ಗಾಡಿಯನ್ನೇರಿದ ಒಬ್ಬ ಶಾಲಾ ಮಾಸ್ತರರನ್ನು ಊಹಿಸಿಕೊಳ್ಳೋಣವಾಗಲಿ. ಅವರು ರಸ್ತೆಯ ಎಡಮಗ್ಗುಲನ್ನು ಹಿಡಿದು ತಾಸಿಗೆ ೩೫ ಕಿಲೋಮೀಟರಿನಂತೆ ಬರುತ್ತಾರೆ. “ಏನ್ರೀ ಮಾಸ್ತರ, ಗಾಡಿಗೆ ಎತ್ತು ಹೂಡೀರೇನು?” ಎಂದು ಒಬ್ಬನು ಕೂಗುತ್ತಾನೆ. “ಒಮ್ಮೆ ಬಿದ್ದಾರ, ಎದಿ ಒಡದೈತಿ ಪಾಪ” ಎಂದು ಮತ್ತೊಬ್ಬನು ಮರುಕಪಡುತ್ತಾನೆ. ಉಳಿದವರು ನಗುತ್ತಾರೆ, ಮಾಸ್ತರರೂ ನಗುತ್ತಾರೆ. ಆದರೆ ಮರುದಿನ ಅದೇ ಅಂಗಡಿಯ ಮುಂದೆ ಬಂದಾಗ ಅವರ ಕೈಯು ಅವರಿಗರಿಯದಂತೆಯೇ ವೇಗವನ್ನು ಏರಿಸುತ್ತದೆ. ಒಂದು ಜೀವವು ಎರಡನೆಯ ಸಲ ಅಪಾಯಕ್ಕೆ ಗುರಿಯಾಗುವದು ಆ ನಗೆಯಿಂದಲೇ.

ಪ್ರಸ್ತುತ ವಾದವು ಇಷ್ಟೇ. ಬಿದ್ದು ಎದ್ದವನು ತನ್ನ ಗತಿಯಲ್ಲಿ ಗಾಡಿಯನ್ನು ನಡೆಸುವದು ಹೇಡಿತನವಲ್ಲ. ಅದು ದುಬಾರಿ ಬೆಲೆ ತೆತ್ತು ಪಡೆದ ಜ್ಞಾನವು. ಅದನ್ನು ನಗೆಯಿಂದ ಕಸಿದುಕೊಳ್ಳುವ ಅಧಿಕಾರವು ಯಾರಿಗೂ ಇಲ್ಲ. ಹಾಗೆ ಕಸಿದುಕೊಳ್ಳುವವರೊಳಗೆ ಸುಶಿಕ್ಷಿತ ಮನೆತನಗಳೇ ಮುಂದಾಗಿರುವದಂತೂ ನಾಚಿಕೆಗೇಡಿನ ಸಂಗತಿಯು.

ಮೊದಲು ನಿಜಸ್ಥಿತಿಯನ್ನು ಅಂಕೆಗಳಲ್ಲಿ ನೋಡತಕ್ಕದ್ದು. ೨೦೨೨ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳ ಮೇಲೆ ೧,೬೮,೪೯೧ ಜನರು ಸತ್ತರೆಂದು ಕೇಂದ್ರ ಸರಕಾರದ ರಸ್ತೆ ಸಾರಿಗೆ ಇಲಾಖೆಯೇ ಪ್ರಕಟಿಸಿತು. ಇವರಲ್ಲಿ ನೂರಕ್ಕೆ ೪೪ಕ್ಕಿಂತ ಹೆಚ್ಚು ಜನರು ದ್ವಿಚಕ್ರವಾಹನದವರು. ಹೆಲ್ಮೆಟ್ಟು ಧರಿಸದೆ ಸತ್ತವರು ೫೦,೦೨೯. ನೂರಕ್ಕೆ ೭೧ ಮರಣಗಳಿಗೆ ಅತಿವೇಗವೇ ಕಾರಣವೆಂದು ದಾಖಲೆಯಾಯಿತು. ಒಟ್ಟು ಮರಣಗಳಲ್ಲಿ ಮೂರನೆಯ ಎರಡು ಪಾಲು ಹಳ್ಳಿಗಾಡಿನಲ್ಲಿ ಆದವು. ಆದುದರಿಂದ ರಸ್ತೆಯ ಮರಣವೆಂದರೆ ಬೆಂಗಳೂರು, ಮುಂಬಯಿಗಳ ರೋಗವೆಂದು ತಾಲೂಕಿನ ಊರುಗಳವರು ತಿಳಿದಿರುವದು ಶುದ್ಧ ಭ್ರಮೆಯು. ಹಾವೇರಿ ಜಿಲ್ಲೆಯವರಿಗಂತೂ ದೂರದ ಉದಾಹರಣೆಯು ಬೇಡ. ೨೦೨೪ನೆಯ ಜೂನ್ ೨೮ರ ಬೆಳಗಿನ ಜಾವ, ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿಯ ಹತ್ತಿರ, ದೇವರ ದರ್ಶನ ಮುಗಿಸಿ ಮರಳುತ್ತಿದ್ದವರ ವಾಹನವು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಯ ಹಿಂಬದಿಗೆ ಅಪ್ಪಳಿಸಿ ೧೩ ಜನರು ತೀರಿಕೊಂಡರು. ಶಿಗ್ಗಾವಿಯ ಮಗ್ಗುಲಲ್ಲಿ ಹಾಯ್ದುಹೋಗುವದು ಅದೇ ಹೆದ್ದಾರಿಯು.

ಇಂಥ ಸುದ್ದಿ ಬಂದ ದಿನ ಮನೆಮನೆಗಳಲ್ಲಿ ಹೊರಡುವ ಮೊದಲನೆಯ ಮಾತು “ಹಣೆಬರಹ”. ಈ ಒಂದು ಶಬ್ದದಷ್ಟು ಜನರನ್ನು ಕೊಂದ ಶಬ್ದವು ಮತ್ತೊಂದಿಲ್ಲ. ಯಾಕಂದರೆ ಹಣೆಬರಹವೆಂದೊಡನೆ ವಿಚಾರವು ಮುಗಿಯುತ್ತದೆ: ಗಾಡಿಯ ವೇಗವೆಷ್ಟಿತ್ತು, ತಲೆಯ ಮೇಲೆ ಏನಿತ್ತು, ರಸ್ತೆಯ ಮೇಲೆ ಏನು ಬಿದ್ದಿತ್ತು, ಯಾರೂ ಕೇಳುವದಿಲ್ಲ. ಸತ್ತವನು ಸಾಕ್ಷಿ ಹೇಳಲಾರನು. ಉಳಿದವನೊಬ್ಬನೇ ಸಾಕ್ಷಿದಾರನು. ತಿರುವಿನ ಮುಂದೆ ಹೆದರಿಕೆಯು ಎಷ್ಟು ತಡವಾಗಿ ಬರುತ್ತದೆ, ಬ್ರೇಕು ಹಿಡಿದ ಮೇಲೆಯೂ ಗಾಡಿಯು ಎಷ್ಟು ದೂರ ಓಡುತ್ತದೆ, ಡಾಂಬರು ಚರ್ಮವನ್ನು ಹೇಗೆ ಸುಲಿಯುತ್ತದೆ ಎಂಬದನ್ನು ಅವನು ಪುಸ್ತಕದಿಂದ ಕಲಿತಿಲ್ಲ. ಅವನು ಮೆಲ್ಲಗೆ ಹೋಗುವದೇ ಅವನ ಸಾಕ್ಷ್ಯವು. ಅಂಥವನನ್ನು ಹಾಸ್ಯಮಾಡಿ ವೇಗಕ್ಕೆ ಹಚ್ಚುವದೆಂದರೆ ಇದ್ದೊಬ್ಬ ಸಾಕ್ಷಿದಾರನ ಬಾಯಿ ಮುಚ್ಚಿಸಿದಂತೆಯೇ ಸರಿ.

ಅವನ ಸಾಕ್ಷ್ಯವನ್ನು ನಂಬದವರು ಗಣಿತವನ್ನಾದರೂ ನಂಬಬೇಕು. ತಾಸಿಗೆ ೪೦ ಕಿಲೋಮೀಟರಿನ ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ ೧೧ ಮೀಟರು ಸಾಗುತ್ತಾನೆ; ೮೦ರಲ್ಲಿ ಹೋಗುವವನು ೨೨ ಮೀಟರು. ಅಡ್ಡ ಬಂದ ಎತ್ತನ್ನು ಕಣ್ಣು ಕಂಡು ಕೈಯು ಬ್ರೇಕು ಹಿಡಿಯುವದರೊಳಗೆ ಹೆಚ್ಚುಕಡಿಮೆ ಒಂದು ಸೆಕೆಂಡು ಕಳೆದಿರುತ್ತದೆ. ಒಣ ಡಾಂಬರಿನ ಮೇಲೆ ಸಾಧಾರಣ ಬ್ರೇಕಿನಿಂದ ನಿಲ್ಲುವದಕ್ಕೆ ಮೊದಲನೆಯವನಿಗೆ ಮುಂದೆ ೧೨ ಮೀಟರು ಸಾಕು. ಎರಡನೆಯವನಿಗೆ ೪೯ ಮೀಟರು ಬೇಕು. ವೇಗವು ಇಮ್ಮಡಿಯಾದರೆ ನಿಲ್ಲಿಸಬೇಕಾದ ಶಕ್ತಿಯು ನಾಲ್ಮಡಿಯಾಗುವದು ಸೃಷ್ಟಿಯ ನಿಯಮವು. ಅದಕ್ಕೆ ತಾರುಣ್ಯದ ದಾಕ್ಷಿಣ್ಯವಿಲ್ಲ. ಎತ್ತು ೪೦ ಮೀಟರು ಮುಂದೆ ಅಡ್ಡ ನಿಂತಿತೆನ್ನೋಣ. ಮೆಲ್ಲಗೆ ಬಂದವನು ೧೭ ಮೀಟರು ಉಳಿದಿರುವಾಗಲೇ ನಿಂತು ಎತ್ತಿನ ಒಡೆಯನನ್ನು ಬೈಯುತ್ತಿರುತ್ತಾನೆ. ವೇಗದಿಂದ ಬಂದವನು ಬ್ರೇಕು ಒತ್ತಿಹಿಡಿದೂ ೬೦ಕ್ಕೆ ಮಿಕ್ಕಿದ ವೇಗದಲ್ಲಿಯೇ ಅದಕ್ಕೆ ಬಡಿಯುತ್ತಾನೆ. ಮತ್ತು ಈ ಸಾಹಸದಿಂದ ಉಳಿಯುವ ವೇಳೆಯಾದರೂ ಎಷ್ಟು? ೩೦ ಕಿಲೋಮೀಟರಿನ ದಾರಿಗೆ ೪೦ರ ವೇಗದಲ್ಲಿ ೪೫ ನಿಮಿಷ, ೬೦ರಲ್ಲಿ ೩೦ ನಿಮಿಷ, ೮೦ರಲ್ಲಿ ೨೨ ನಿಮಿಷದ ಮೇಲೆ ಸ್ವಲ್ಪ. ಹೀಗೆ ಉಳಿಸಿದ ಕಾಲು ತಾಸನ್ನು ಆ ಶೂರನು ಎಲ್ಲಿ ಕಳೆಯುತ್ತಾನೆಂದು ಕೇಳಿದರೆ, ಮತ್ತದೇ ಚಹದ ಅಂಗಡಿಯ ಬಾಕಿನ ಮೇಲೆ!

ಇಲ್ಲಿ ಗಂಡಸುತನದ ಪಕ್ಷದವರು ಏಳುತ್ತಾರೆ. ದೀಪಾವಳಿಯ ಹೋರಿ ಹಬ್ಬದಲ್ಲಿ ಕೊಬ್ಬರಿಯ ಹಾರ ಕಟ್ಟಿಕೊಂಡು ಬಾಣದಂತೆ ಓಡುವ ಹೋರಿಗೆ ಕೇಕೆ ಹಾಕುವ ಸೀಮೆಯಿದು. ಇಲ್ಲಿಯ ಹುಡುಗರಿಗೆ ಮೆಲ್ಲಗೆ ಹೋಗೆನ್ನುವದು ಅವರ ರಕ್ತಕ್ಕೇ ವಿರುದ್ಧವೆಂದು ಅವರ ವಾದ. ಆದರೆ ಅಖಾಡವು ಬೇರೆ, ಸಂತೆಯ ದಾರಿಯು ಬೇರೆ. ಅಖಾಡಕ್ಕೆ ಇಳಿದವನು ಅಪಾಯವನ್ನು ಅರಿತು ಇಳಿದಿರುತ್ತಾನೆ. ಅಲ್ಲಿಯೂ ಜೀವಗಳು ಹೋಗುತ್ತವೆಂಬದು ಮರೆಯತಕ್ಕದ್ದಲ್ಲ. ಸಂತೆಯ ದಾರಿಯಲ್ಲಿ ಶಾಲೆಗೆ ಹೊರಟ ಕೂಸು, ಬುಟ್ಟಿ ಹೊತ್ತ ಮುದುಕಿ, ಸವಣೂರಿನ ವೀಳ್ಯದೆಲೆಯ ಹೊರೆ ಕಟ್ಟಿಕೊಂಡ ಸೈಕಲ್ಲಿನವನು ಯಾವ ಪಂದ್ಯಕ್ಕೂ ಹೆಸರು ಕೊಟ್ಟವರಲ್ಲ.

ನಿಜವಾದ ವೇಗವೀರರ ವೃತ್ತಾಂತವನ್ನಾದರೂ ಈ ಪಕ್ಷದವರು ತಿಳಿದಿದ್ದಾರೆಯೆ? ಬೆಂಗಳೂರಿನ ಸಿ. ಎಸ್. ಸಂತೋಷ್ ಎಂಬ ಸವಾರರು ೨೦೧೫ರಲ್ಲಿ ಡಕಾರ್ ರ‍್ಯಾಲಿ ಎಂಬ ಭಯಂಕರ ಮರುಭೂಮಿಯ ಸ್ಪರ್ಧೆಯನ್ನು ಪೂರ್ತಿಗೊಳಿಸಿದ ಮೊದಲನೆಯ ಭಾರತೀಯರಾದರು. ಅವರೇ ೨೦೨೧ರ ಜನವರಿಯಲ್ಲಿ ಸೌದಿ ಅರೇಬಿಯದಲ್ಲಿ ನಡೆದ ಅದೇ ಸ್ಪರ್ಧೆಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ರಿಯಾದಿನ ಆಸ್ಪತ್ರೆಯಲ್ಲಿ ವೈದ್ಯರು ಕೃತಕ ನಿದ್ರೆಯಲ್ಲಿರಿಸಬೇಕಾಯಿತು. ಅವರು ಬದುಕಿ ಮರಳಿ ಬಂದರು. ಹೇಗೆ? ತಲೆಗೆ ಉತ್ತಮವಾದ ಹೆಲ್ಮೆಟ್ಟು ಇತ್ತು. ಮೈಮೇಲೆ ಗಾಳಿ ತುಂಬಿಕೊಳ್ಳುವ ಕವಚವಿತ್ತು, ಆ ವರ್ಷ ಸ್ಪರ್ಧೆಯವರು ಅದನ್ನು ಕಡ್ಡಾಯ ಮಾಡಿದ್ದರು. ಎತ್ತಿ ಒಯ್ಯಲು ವಿಮಾನವಿತ್ತು. ಜಗತ್ತಿನ ಉತ್ತಮ ಸವಾರರಿಗೇ ಇಷ್ಟು ಸಿದ್ಧತೆ ಬೇಕಾಗಿರುವಾಗ, ತಲೆಗೆ ಟವೆಲು ಸುತ್ತಿಕೊಂಡು, ಒಂದು ಕೈಯಲ್ಲಿ ಮೊಬೈಲು ಹಿಡಿದುಕೊಂಡು, ಹಿಂದೆ ಇಬ್ಬರನ್ನು ಕೂಡ್ರಿಸಿಕೊಂಡು ಹಿರೇಕೆರೂರಿನ ರಸ್ತೆಯಲ್ಲಿ ಹಾರುವವನಿಗೆ ಯಾವ ಆಧಾರವು? ಅವನು ಬಿದ್ದರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯು ನೂರು ಕಿಲೋಮೀಟರಿನ ಆಚೆಗಿದೆ.

ಬಿದ್ದವನ ಅನುಭವದಿಂದ ಲೋಕವು ಕಲಿಯಬಲ್ಲದೆಂಬದಕ್ಕೆ ಇತಿಹಾಸವೇ ಪ್ರಮಾಣವು. ೧೯೩೫ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸನು ಸೈಕಲ್ಲಿನ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ ಸೈಕಲ್ಲಿನಿಂದ ಬಿದ್ದು ಆರು ದಿನಗಳ ಮೇಲೆ ತೀರಿಕೊಂಡನು. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸನು ಒಬ್ಬನು. ಆ ಮಿದುಳಿನ ಶಸ್ತ್ರವೈದ್ಯನು ಅದನ್ನು ಹಣೆಬರಹವೆಂದು ಬಿಡಲಿಲ್ಲ. ಮಹಾಯುದ್ಧದಲ್ಲಿ ಸುದ್ದಿ ಒಯ್ಯುವ ಸೈನಿಕ ಸವಾರರ ತಲೆಯ ಗಾಯಗಳನ್ನು ಒಂದೊಂದಾಗಿ ಪರೀಕ್ಷಿಸಿ, ಶಿರಸ್ತ್ರಾಣವು ಜೀವ ಉಳಿಸುತ್ತದೆಂದು ೧೯೪೧ರಲ್ಲಿ ಬರೆದನು. ಅದೇ ವರ್ಷ ಬ್ರಿಟನ್ನಿನ ಸೈನ್ಯವು ತನ್ನ ಸವಾರರಿಗೆ ಅದನ್ನು ಕಡ್ಡಾಯಗೊಳಿಸಿತು. ೧೯೭೩ರಲ್ಲಿ ಆ ದೇಶದ ಎಲ್ಲ ಸವಾರರಿಗೂ ಕಡ್ಡಾಯವಾಯಿತು. ಭಾರತದಲ್ಲಿಯೂ ೧೯೮೮ರ ಮೋಟಾರು ವಾಹನ ಕಾಯಿದೆಯ ೧೨೯ನೆಯ ಕಲಮು ಅದನ್ನೇ ವಿಧಿಸುತ್ತದೆ. ಒಬ್ಬನ ಮರಣದಿಂದ ಇಷ್ಟು ಕಲಿಯಲು ಸಾಧ್ಯವಾಯಿತು. ಕಣ್ಣೆದುರಿಗೆ ಬದುಕಿ ಬಂದವನಿಂದ ಒಂದು ಓಣಿಯು ಏನೂ ಕಲಿಯಲಾರದೆ?

ಓಣಿಯು ಕಲಿಯದಿರುವದಕ್ಕೆ ಕಾರಣವು ಮನೆಯೊಳಗಿದೆ. ಮದುವೆಯ ಮಾತುಕತೆಯಲ್ಲಿ ವರನಿಗೆ ಮೋಟಾರ ಸೈಕಲ್ಲು ಕೇಳುವ ಬೀಗರು ಅದರ ಜೊತೆಗೆ ಎರಡು ಹೆಲ್ಮೆಟ್ಟು ಕೇಳಿದ್ದುಂಟೆ? ಪದವಿ ಪಾಸಾದ ಮಗನಿಗೆ ಅತ್ಯಂತ ಬಲದ ಗಾಡಿಯನ್ನು ಕೊಡಿಸಿ, ಅದರ ಬಣ್ಣವನ್ನು ನೆರೆಯವರಿಗೆ ತೋರಿಸುವ ತಂದೆಯು ಅವನ ಹಿಂದೆ ಒಂದು ದಿನ ಕುಳಿತು ಅವನು ಹೇಗೆ ನಡೆಸುತ್ತಾನೆಂದು ನೋಡಿದ್ದುಂಟೆ? ಹಿಂದಿನ ಆಸನದಲ್ಲಿ ಸೆರಗನ್ನು ಸುತ್ತಿಕೊಂಡು, ಕೂಸನ್ನು ಅಪ್ಪಿಕೊಂಡು, “ಸಾವಕಾಶ ಹೋಗ್ರಿ” ಎನ್ನುವ ಹೆಂಡತಿಯ ಮಾತಿಗೆ ಎಷ್ಟು ಮನೆಗಳಲ್ಲಿ ಬೆಲೆಯುಂಟು? ಅವಳ ತಲೆಯೂ ತಲೆಯೇ ಎಂಬದನ್ನು ಕಾಯಿದೆಯು ಒಪ್ಪಿದೆ, ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಬೇಕೆಂದಿದೆ; ಮನೆಯು ಮಾತ್ರ ಇನ್ನೂ ಒಪ್ಪಿಲ್ಲ. ೨೦೨೧ರ ಜೂನಿನಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯರು ಬೆಂಗಳೂರಿನಲ್ಲಿ ಸ್ನೇಹಿತನ ಗಾಡಿಯ ಹಿಂದೆ ಕುಳಿತು ಹೋಗುತ್ತಿರುವಾಗಲೇ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡರು. ಹಿಡಿಕೆಯು ಕೈಯಲ್ಲಿಲ್ಲದವನ ಜೀವವೂ ಹಿಡಿಕೆ ಹಿಡಿದವನ ಗತಿಗೆ ಒಳಪಟ್ಟಿರುತ್ತದೆ.

ಮನೆಯ ಹಿತಚಿಂತಕರಲ್ಲಿ ಇನ್ನೊಂದು ವರ್ಗವುಂಟು. ಇವರು ನಗುವದಿಲ್ಲ; ಅಳುತ್ತಾರೆ. “ಇನ್ನ ಗಾಡಿ ಮುಟ್ಟಬ್ಯಾಡ” ಎಂದು ಆಣೆ ಹಾಕಿಸುತ್ತಾರೆ. ಇದರ ಹಿಂದೆ ಪ್ರೀತಿಯಿದೆ ನಿಜ, ಆದರೆ ವಿವೇಕವಿಲ್ಲ. ದಿನಕ್ಕೆ ಎರಡೇ ಬಸ್ಸು ಬರುವ ಹಳ್ಳಿಯ ಶಿಕ್ಷಕನು, ಹಾಲು ಹಾಕುವವನು, ಬ್ಯಾಂಕಿನ ವಸೂಲಿಯವನು, ಗರ್ಭಿಣಿಯರ ಮನೆಗಳಿಗೆ ಹೋಗಬೇಕಾದ ದಾದಿಯು ಗಾಡಿಯನ್ನು ಬಿಟ್ಟು ಬದುಕುವ ಬಗೆ ಹೇಗೆ? ಮೇಲಾಗಿ, ಪೆಟ್ಟು ಬಿದ್ದವನಿಗೆ ಮೈಯ ಗಾಯಕ್ಕಿಂತ ಮನಸ್ಸಿನ ಗಾಯವು ತಡವಾಗಿ ಮಾಯುತ್ತದೆ. ಹಿಂದಿನಿಂದ ಲಾರಿಯ ಹಾರ್ನು ಕೇಳಿದರೆ ಎದೆ ಬಡಿದುಕೊಳ್ಳುವದು, ಬಿದ್ದ ಸ್ಥಳವನ್ನು ಹಾಯುವಾಗ ಕೈ ಬೆವರುವದು, ರಾತ್ರಿ ಅದೇ ಶಬ್ದವು ಕನಸಿನಲ್ಲಿ ಬರುವದು ಹುಚ್ಚಲ್ಲ, ನಾಟಕವೂ ಅಲ್ಲ. ವೈದ್ಯಶಾಸ್ತ್ರವು ಬಲ್ಲ ಸ್ಥಿತಿಯು. ಅದು ಬಹುಕಾಲ ಬಿಡದಿದ್ದರೆ ವೈದ್ಯರನ್ನು ಕಾಣತಕ್ಕದ್ದು. ಉಳಿದಂತೆ, ಮೊದಲು ಓಣಿಯೊಳಗೆ, ಆಮೇಲೆ ಊರ ಹೊರಗೆ, ಆಮೇಲೆ ದೊಡ್ಡ ರಸ್ತೆಗೆ ಎಂದು ಮೆಟ್ಟಲು ಮೆಟ್ಟಲಾಗಿ, ಹಗಲು ಹೊತ್ತಿನಲ್ಲಿ, ತನ್ನ ಗತಿಯಲ್ಲಿ ಮರಳುವದೇ ಅದಕ್ಕೆ ಔಷಧವು. ನಗುವವನು ಈ ಔಷಧವನ್ನು ಕೆಡಿಸುತ್ತಾನೆ. ಅಳುವವನು ಅದನ್ನು ಕುಡಿಯಗೊಡುವದಿಲ್ಲ.

“ಪ್ರತಿಯೊಬ್ಬನಿಗೂ ಅವನ ಗತಿಯೇ ಸರಿಯಾದರೆ ೧೦೦ರ ವೇಗದವನಿಗೂ ಅವನ ಗತಿಯೇ ಸರಿಯಲ್ಲವೆ?” ಎಂದು ಚತುರರು ಕೇಳಬಹುದು. ಇಲ್ಲ. ಮೆಲ್ಲಗೆ ಹೋಗುವವನು ಖರ್ಚು ಮಾಡುವದು ತನ್ನ ವೇಳೆಯನ್ನು. ಅತಿವೇಗದವನು ಖರ್ಚು ಮಾಡುವದು ಪರರ ಜೀವವನ್ನು. ತನ್ನ ಗಂಟನ್ನು ತಾನು ಖರ್ಚುಮಾಡುವವನಿಗೂ ಪರರ ಗಂಟನ್ನು ಕದ್ದು ಖರ್ಚುಮಾಡುವವನಿಗೂ ಒಂದೇ ನ್ಯಾಯವಾಗಲಾರದು. ೨೦೧೮ರಲ್ಲಿ ಕೇಂದ್ರ ಸರಕಾರವು ಮೋಟಾರ ಸೈಕಲ್ಲಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿ ೮೦, ಊರೊಳಗೆ ೬೦ ಎಂದು ಗೊತ್ತುಮಾಡಿದ್ದು ಪರಮಾವಧಿಯನ್ನು. ಅದು ದಾಟಬಾರದ ಗೆರೆಯು, ಮುಟ್ಟಲೇಬೇಕಾದ ಗುರಿಯಲ್ಲ.

ಆದರೆ ನಿಧಾನ ಸವಾರನಿಗೂ ಧರ್ಮವುಂಟು. ಅದನ್ನು ಮುಚ್ಚಿಟ್ಟು ಅವನ ಪಕ್ಷ ವಹಿಸುವದು ಅಪ್ರಾಮಾಣಿಕವಾದೀತು. ನಡುರಸ್ತೆಯಲ್ಲಿ ಮೆಲ್ಲಗೆ ತೂರಾಡುತ್ತ ಹೋಗುವವನು ಅತಿವೇಗದವನಷ್ಟೇ ಅಪಾಯಕಾರಿಯು. ಎಡಮಗ್ಗುಲನ್ನು ಬಿಡಬಾರದು, ಹೆದ್ದಾರಿಗೆ ಸೇವಾರಸ್ತೆಯಿದ್ದಲ್ಲಿ ಅದನ್ನೇ ಹಿಡಿಯಬೇಕು, ಹತ್ತಿರವಾಗುತ್ತದೆಂದು ಎದುರು ದಿಕ್ಕಿನಿಂದ ನುಗ್ಗಬಾರದು, ಕನ್ನಡಿಯನ್ನೂ ಹಿಂಬದಿಯ ದೀಪವನ್ನೂ ಸರಿಯಾಗಿಟ್ಟುಕೊಳ್ಳಬೇಕು, ತಿರುಗುವ ಮೊದಲು ಸನ್ನೆ ಕೊಡಬೇಕು. ತನ್ನ ಗತಿಯೆಂದರೆ ಮನಬಂದಂತೆ ಹೋಗುವದಲ್ಲ. ಕಣ್ಣು ಕಂಡದ್ದಕ್ಕೆ ಕೈಯು ಉತ್ತರ ಕೊಡಬಲ್ಲಷ್ಟು ವೇಗದಲ್ಲಿ, ಇರಬೇಕಾದ ಸ್ಥಳದಲ್ಲಿ ಹೋಗುವದು.

ರಸ್ತೆಯ ದೋಷವನ್ನೂ ಸವಾರನ ತಲೆಗೇ ಕಟ್ಟಬಾರದು. ಸುಗ್ಗಿಯಲ್ಲಿ ಗೋವಿನಜೋಳವನ್ನು ಅರ್ಧ ರಸ್ತೆಯ ತುಂಬ ಒಣಹಾಕಿ ಅಂಚಿಗೆ ಕಲ್ಲಿಡುವದು, ಬೆಳೆಯನ್ನು ಚಕ್ರದಡಿಗೆ ಹರಡಿ ಒಕ್ಕುವದು, ಕಬ್ಬು ತುಂಬಿದ ಟ್ರ್ಯಾಕ್ಟರಿಗೆ ಹಿಂಬದಿಯ ದೀಪವಿಲ್ಲದೆ ರಾತ್ರಿ ಹೊರಡುವದು, ಬಣ್ಣ ಬಳಿಯದ ದಿಬ್ಬಗಳನ್ನು ಊರವರೇ ಕಟ್ಟುವದು ಇವೆಲ್ಲವೂ ದ್ವಿಚಕ್ರದವನಿಗೆ ಹೂಡಿದ ಬಲೆಗಳು. ಕಣವಿಲ್ಲದ ರೈತನಿಗೆ ಕಣವನ್ನು ಒದಗಿಸುವದು ಪಂಚಾಯತಿಯ ಕೆಲಸವು; ಕಣವಿದ್ದೂ ರಸ್ತೆಯನ್ನೇ ಹಿಡಿಯುವದು ಅಪರಾಧವು. ಇವೆಲ್ಲ ಸರಿಹೋಗುವ ವರೆಗೆ ಸವಾರನ ಕೈಯಲ್ಲಿರುವ ಏಕಮಾತ್ರ ರಕ್ಷಣೆಯು ಅವನ ಗತಿಯು.

ಬಿದ್ದವನು ಏಳಬೇಕಾದರೆ ಮೊದಲು ಯಾರಾದರೂ ಎತ್ತಬೇಕಷ್ಟೆ. ೨೦೧೬ರ ಫೆಬ್ರುವರಿಯಲ್ಲಿ ಇದೇ ಹೆದ್ದಾರಿಯ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕ ಹರೀಶನೆಂಬ ತರುಣ ಸವಾರನು, ಪ್ರಾಣ ಹೋಗುವ ಹೊತ್ತಿನಲ್ಲಿಯೂ ತನ್ನ ಕಣ್ಣುಗಳನ್ನು ದಾನಮಾಡಿರೆಂದನು. ಅವನ ಹೆಸರಿನಿಂದಲೇ ಕರ್ನಾಟಕ ಸರಕಾರವು ಆ ವರ್ಷ ಗಾಯಾಳುಗಳ ಮೊದಲ ೪೮ ತಾಸುಗಳ ಚಿಕಿತ್ಸೆಗೆ ೨೫,೦೦೦ ರೂಪಾಯಿಗಳ ವರೆಗೆ ಕೊಡುವ ಯೋಜನೆಯನ್ನು ಆರಂಭಿಸಿತು. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವನನ್ನು ಪೋಲೀಸರು ಪೀಡಿಸಬಾರದೆಂಬ ರಕ್ಷಣೆಯು ೨೦೧೯ರ ತಿದ್ದುಪಡಿಯಿಂದ ಕಾಯಿದೆಯೊಳಗೇ ಸೇರಿತು. ಇನ್ನು ಸುತ್ತ ನಿಂತು ಫೋಟೋ ತೆಗೆಯುವದಕ್ಕೆ ಯಾವ ನೆಪವೂ ಉಳಿದಿಲ್ಲ. ೧೦೮ಕ್ಕೆ ಕರೆ ಮಾಡಿ, ಕುತ್ತಿಗೆಯನ್ನು ಅಲುಗಿಸದೆ, ಹೆಲ್ಮೆಟ್ಟನ್ನು ಎಳೆದು ಕೀಳದೆ ಕಾಯುವಷ್ಟು ತಿಳುವಳಿಕೆಯು ಪ್ರತಿ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು.

ಮೆಲ್ಲಗೆ ಹೋಗುವದು ಹಿಂದುಳಿದವರ ಲಕ್ಷಣವೆಂದು ತಿಳಿದವರು ತಮ್ಮ ಸೀಮೆಯ ಹಿರಿಯರನ್ನಾದರೂ ನೆನೆಯಬೇಕು. ಶಿಗ್ಗಾವಿ ತಾಲೂಕಿನ ಬಾಡದ ಕನಕದಾಸರು ಉಡುಪಿಯನ್ನು ಮುಟ್ಟಿದ್ದು ಯಾವ ಯಂತ್ರದ ಮೇಲೂ ಅಲ್ಲ. ಇದೇ ಜಿಲ್ಲೆಯ ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಓದುವ ರುಚಿ ಹಚ್ಚಿದರು. ಅವರು ತಲುಪಿದ ದೂರವನ್ನು ಈ ವೇಗವೀರರಲ್ಲಿ ಯಾರು ತಲುಪಿದ್ದಾರೆ?

ಸವಣೂರಿನ ದೊಡ್ಡ ಹುಣಸೆಯ ಮರಗಳನ್ನು ಕಾಣದವರು ಈ ನಾಲ್ಕು ತಾಲೂಕುಗಳಲ್ಲಿ ವಿರಳ. ಆ ಮೂರು ಪುರಾತನ ವೃಕ್ಷಗಳಲ್ಲೊಂದು ೨೦೨೩ರ ಮಳೆಗಾಲದಲ್ಲಿ ಬುಡಸಹಿತ ಉರುಳಿಬಿತ್ತು. ಜನರು ಅದನ್ನು ಹಣೆಬರಹವೆಂದು ಕಟ್ಟಿಗೆಗೆ ಕಡಿಯಲಿಲ್ಲ. ಕೊಂಬೆಗಳ ಭಾರವನ್ನು ಇಳಿಸಿ, ಯಂತ್ರಗಳಿಂದ ಎತ್ತಿ, ಮರಳಿ ನೆಟ್ಟರು. ಆ ಮರಕ್ಕೆ ಇಂತಿಷ್ಟು ದಿನದಲ್ಲಿ ಚಿಗುರೆಂದು ಯಾರೂ ಅವಸರ ಮಾಡಲಿಲ್ಲ. ಬಿದ್ದ ಮರವೆಂದು ಯಾರೂ ನಗಲೂ ಇಲ್ಲ. ಮರಕ್ಕೆ ತೋರಿಸಿದ ಈ ತಾಳ್ಮೆಯನ್ನು ಮನುಷ್ಯನಿಗೆ ತೋರಿಸುವದು ಅಷ್ಟು ಕಷ್ಟವೆ? ನಾಳೆ ಮಾಸ್ತರರು ೩೫ರ ವೇಗದಲ್ಲಿ ಚಹದ ಅಂಗಡಿಯ ಮುಂದೆ ಹಾಯುವಾಗ ಬಾಕಿನ ಮೇಲಿನವರು ಮಾಡಬೇಕಾದ ಉಪಕಾರವು ದೊಡ್ಡದೇನೂ ಅಲ್ಲ. ನಗದೆ ಸುಮ್ಮನೆ ದಾರಿ ಬಿಟ್ಟರೆ ಸಾಕು. ಅವರು ಮನೆಯನ್ನು ಮುಟ್ಟುತ್ತಾರೆ.